ಕುಂಬಾರ ಹುಳಕ್ಕೆ ಪ್ಲಾಸ್ಟರ್ ಎಂದು ಹೆಸರಿಟ್ಟವನು

ದಿನೇಶ ಘೋರ ಪ್ರತಿಜ್ಞೆಯೊಂದನ್ನು ಮಾಡಿದ್ದ. ವೆಸ್ಟ್ ಮಾಂಬಲಂನ ಆ ಎರಡನೇ ಮಹಡಿಯ ಮನೆಯಲ್ಲಿ ತಾನಿರುವ ತನಕ ‘ಮಗು’ ಎಂಬ ಎರಡಕ್ಷರ ಹೊಸ್ತಿಲು ದಾಟಿ ಒಳಗೆ ಬರಕೂಡದು! ಪ್ರತಿಜ್ಞೆ ನಡೆದದ್ದು ಬಚ್ಚಲುಮನೆಯ ಕನ್ನಡಿಯ ಮುಂದೆ, ಒಂದು ಕೆನ್ನೆಗೆ ಮಾತ್ರ ನೊರೆ ಮೆತ್ತಿಕೊಂಡಿದ್ದಾಗ. ಸಾಕ್ಷಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಮಾತು ಅಂದರೆ ಮಾತು ಎಂದು ಅವನು ಅವತ್ತಿನಿಂದಲೇ ಕಾರ್ಯಾಚರಣೆಗೆ ಇಳಿದುಬಿಟ್ಟ.

ಪ್ರತಿಜ್ಞೆಗೆ ಕಾರಣವಿತ್ತು. ಹೋದ ವರ್ಷ ಹೆಂಡತಿ ನಂದಿತಾಗೆ ನಾಲ್ಕು ತಿಂಗಳು ತುಂಬಿದ್ದಾಗ ಮಗು ಹೋಯಿತು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತಿದ್ದ ಬಸಿರು ಅದು. ಆಸ್ಪತ್ರೆಯಿಂದ ಬಂದು ಹದಿನೈದು ದಿನ ಮಲಗಿದ್ದು ಅವಳು ಮತ್ತೆ ಅಣ್ಣಾ ನಗರ್‌ನ ತನ್ನ ಶಾಲೆಗೆ ಹೋಗತೊಡಗಿದಳು. ಗಣಿತ ಹೇಳಿಕೊಟ್ಟಳು, ಉತ್ತರಪತ್ರಿಕೆ ತಿದ್ದಿದಳು, ಮನೆಗೆ ಬಂದು ಸಾರು ಕುದಿಸಿದಳು. ಮಾತು ಮಾತ್ರ ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ಮಗುವಿನ ನೆನಪಾದಾಗಲೇ ಅವಳು ಹೀಗಾಗುತ್ತಾಳೆ ಎಂದು ದಿನೇಶ ತೀರ್ಮಾನಿಸಿದ.

ಹಾಗಾಗಿ ಅವನು ಮನೆಗೆ ಬರುವ ಪ್ರತಿಯೊಂದನ್ನೂ ತಪಾಸಣೆ ಮಾಡತೊಡಗಿದ. ಮೀನಂಬಾಕ್ಕಂ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಬಂದು ಇವನ ಹತ್ತಿರ ತರಬೇತಿ ತೆಗೆದುಕೊಳ್ಳಬೇಕು! ಟಿವಿ ಹಾಕಿದರೆ ರಿಮೋಟ್ ಇವನ ಕೈಯಲ್ಲೇ. ಡೈಪರಿನ ಜಾಹೀರಾತು ಬರುವ ವಾಸನೆ ಬಡಿದರೆ ಸಾಕು, ಚಾನೆಲ್ ವಾರ್ತೆಗೆ ಹಾರುತ್ತಿತ್ತು. ಊರಿನಿಂದ ಬರುವ ನಾಮಕರಣದ ಕರೆಯೋಲೆಗಳು ಕೆಳಗಿನ ಅಂಚೆ ಪೆಟ್ಟಿಗೆಯಿಂದ ನೇರ ಇವನ ಆಫೀಸ್ ಬ್ಯಾಗಿಗೆ ಇಳಿದು, ಪೆರುಂಗುಡಿಯ ಆಫೀಸಿನ ಕಸದ ಬುಟ್ಟಿಯಲ್ಲಿ ಮುಕ್ತಿ ಪಡೆಯುತ್ತಿದ್ದವು. ದಿನಸಿ ಅಂಗಡಿಯವನು ಬೆಣ್ಣೆ ಕೃಷ್ಣನ ಕ್ಯಾಲೆಂಡರ್ ಕೊಟ್ಟ. ಇವನು ವಾಪಸ್ ಮಾಡಿ ಬೇರೆ ಕೇಳಿದ. ಅಂಗಡಿಯವನು ಬಾಲಮುರುಗನನ್ನು ಕೊಟ್ಟ. ಅದೂ ಬೇಡವೆಂದಾಗ ಅವನು ಇವನ ಮುಖವನ್ನೇ ನೋಡಿ, ಕೊನೆಗೆ ಟ್ರಾಕ್ಟರಿನ ಚಿತ್ರವಿದ್ದ ಕ್ಯಾಲೆಂಡರ್ ಸುತ್ತಿ ಕೊಟ್ಟ. ಚೆನ್ನೈ ಪಟ್ಟಣದ ನಡುಮನೆಯಲ್ಲಿ ಅಂದಿನಿಂದ ಟ್ರಾಕ್ಟರು ನೇತಾಡತೊಡಗಿತು.

ಪ್ರತಿಜ್ಞೆಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ದಿನೇಶ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಬಸಿರು ನಿಂತ ಸುದ್ದಿ ತಿಳಿದ ದಿನ ಮದ್ದೂರಿನಿಂದ ಅವನ ತಾಯಿ ಜಯಲಕ್ಷ್ಮಮ್ಮ ಫೋನಿನಲ್ಲಿ ಒಂದು ಮಾತು ಹೇಳಿದ್ದರು: “ಕುಂಬಾರ ಹುಳ ಬಂದ್ರೆ ಗೂಡು ಮುಟ್ಬ್ಯಾಡ ಕಣಪ್ಪ. ಬಸುರಿ ಇರೋ ಮನೇನ ಹುಡುಕ್ಕಂಡ್ ಬತ್ತದೆ ಅದು. ಗ್ವಾಡೆ ಮ್ಯಾಲೆ ಅದು ತನ್ನ ಕೂಸಿಗೆ ಗೂಡು ಕಟ್ತಿರ್ತದೆ, ಇಲ್ಲಿ ಇವಳ ಕೂಸು ಬೆಳೀತಿರ್ತದೆ. ಒಡುದ್ರೆ ಒಳ್ಳೇದಲ್ಲ.” ದಿನೇಶ ‘ಆಯ್ತಮ್ಮ’ ಅಂದು ಮರೆತ. ಇಂಜಿನಿಯರ್ ಅಲ್ಲವೇ! ಎರಡು ತಿಂಗಳ ಮೇಲೆ ಚಿಕ್ಕ ಕೋಣೆಯ ಎಸಿ ಪೈಪಿನ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಮಣ್ಣಿನ ಗೂಡು ಕಂಡಾಗ, ಮಗುವಿನ ಕೋಣೆ ಚೊಕ್ಕಟವಾಗಿರಲಿ ಎಂದುಕೊಂಡು ಸ್ಕ್ರೂಡ್ರೈವರ್ ತಂದು ಕೆರೆದು ಹಾಕಿದ. ಅದಾಗಿ ಹದಿನೇಳನೇ ದಿನ ಅವರು ಆಸ್ಪತ್ರೆಯಲ್ಲಿದ್ದರು.

ದಿನೇಶನ ಕೆಲಸ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ಆ ತಪ್ಪಿಗೆ ಮೂಲ ಯಾವುದು, ಜವಾಬ್ದಾರ ಯಾರು ಎಂದು ಒಂದು ಹೆಸರು ಬರೆದರೆ ಸಂಜೆ ಮನೆಗೆ ಹೋಗಬಹುದು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡಿದವನು ಈ ವಿಷಯದಲ್ಲೂ ಬೇರೆ ದಾರಿ ಕಾಣದೆ, ಒಳಗೊಳಗೇ ತನ್ನ ಹೆಸರನ್ನೇ ಬರೆದುಕೊಂಡಿದ್ದ. ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದ್ದರೆ ‘ಛೆ, ಇಲ್ಲಪ್ಪ’ ಅನ್ನುತ್ತಿದ್ದ. ಆದರೆ ಆ ಸ್ಕ್ರೂಡ್ರೈವರನ್ನು ಹಳೇ ಪೇಪರಿನವನಿಗೆ ಪುಕ್ಕಟೆ ಕೊಟ್ಟುಬಿಟ್ಟಿದ್ದ. ನಂದಿತಾಗೆ ಇದು ಗೊತ್ತಾದರೆ ಅವಳು ತನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ ಅವನನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಇಂಥ ಮನೆಗೆ ಈ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಯಾವ ತಪಾಸಣೆಗೂ ಸಿಗದೆ, ಬಾಲ್ಕನಿಯಿಂದ ಒಂದು ಹುಳ ಒಳಗೆ ಬಂತು. ಕಪ್ಪು ಮೈ, ಹಳದಿ ಕಾಲು, ದಾರದಂಥ ಸೊಂಟ. ಬಾಯಲ್ಲಿ ಮೆಣಸಿನ ಕಾಳಿನಷ್ಟು ಹಸಿಮಣ್ಣು. ನಡುಮನೆಯ ಸ್ವಿಚ್ ಬೋರ್ಡಿನ ಪಕ್ಕ ಆಗಲೇ ಅರ್ಧ ಗೂಡು ಎದ್ದಿತ್ತು. ದಿನೇಶ ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತ.

ಅಷ್ಟರಲ್ಲಿ ನಂದಿತಾ ಅಡುಗೆಮನೆಯಿಂದ ಬಂದಳು. “ಏನ್ರೀ ಅದು ಗೋಡೆ ಮೇಲೆ?”

ಹುಳ ಆ ಕ್ಷಣಕ್ಕೆ ಮಣ್ಣು ತರಲು ಹೋಗಿತ್ತು. ದಿನೇಶನ ಬಾಯಿಗೆ ತೋಚಿದ್ದು ಒಂದೇ. “ಪ್ಲಾಸ್ಟರ್. ಬಿರುಕು ಬಿಟ್ಟಿತ್ತು, ನಾನೇ ಮೆತ್ತಿದೆ.”

“ನೀವಾ?”

“ಯಾಕೆ, ನನಗೆ ಬರಲ್ವಾ?”

“ಹೋದ ದೀಪಾವಳೀಲಿ ಒಂದು ಮೊಳೆ ಹೊಡಿಯೋಕೆ ಎಲೆಕ್ಟ್ರಿಷಿಯನ್ನ ಕರೆಸಿದ್ರಿ.”

“ಈಗ ಕಲಿತಿದ್ದೀನಿ. ವಿಡಿಯೋ ನೋಡಿ.”

ನಂದಿತಾ ಗೋಡೆಯನ್ನೂ ಗಂಡನನ್ನೂ ಒಂದೊಂದು ಸಲ ನೋಡಿ ಒಳಗೆ ಹೋದಳು. ಹೀಗೆ ಕುಂಬಾರ ಹುಳದ ಗೂಡಿಗೆ ಆ ಮನೆಯಲ್ಲಿ ಪ್ಲಾಸ್ಟರ್ ಎಂದು ನಾಮಕರಣವಾಯಿತು.

ಸುಳ್ಳು ಹೇಳಿದ್ದಾಯಿತು, ಇನ್ನು ಗೂಡಿಗೊಂದು ಗತಿ ಕಾಣಿಸಬೇಕು. ಒಡೆಯಲು ಧೈರ್ಯ ಸಾಲದು, ಬಿಡಲು ಇನ್ನೂ ಸಾಲದು. ದಿನೇಶ ಮೆಟ್ಟಿಲ ಮೇಲೆ ಹೋಗಿ ನಿಂತು ತಾಯಿಗೆ ಫೋನು ಮಾಡಿದ.

“ಅಮ್ಮ, ಮನೇಲಿ ಒಂದು ಕಣಜ ಸೇರ್ಕೊಂಡಿದೆ. ತೆಗೆದು ಹಾಕ್ಬಹುದಾ?”

“ಕಣಜ ಅಂದ್ರೆ ರಾಗಿ ತುಂಬೋದಲ್ವೇನಪ್ಪ. ಅದ್ಯಾಕೆ ಬಂತು ನಿಮ್ಮ ಮನೇಗೆ?”

“ಹುಳ ಅಮ್ಮ. ಕಚ್ಚೋ ಹುಳಕ್ಕೆ ಪುಸ್ತಕದಲ್ಲಿ ಹಂಗೇ ಅಂತಾರೆ.”

“ಪುಸ್ತಕದ್ದು ನಂಗೆ ಗೊತ್ತಿಲ್ಲ. ನಮ್ಮ ಕಡೆ ಎರಡೇ. ಗುಂಪಾಗಿ ಬಂದು ಮುಖ ಊದ್ಸಿದ್ರೆ ಅದು ಕಡಜ. ಅದಕ್ಕೆ ಹೊಗೆ ಹಾಕಿ ಓಡಿಸು, ಪಾಪ ಇಲ್ಲ. ಒಂಟಿಯಾಗಿ ಬಂದು ಮಣ್ಣು ಮೆತ್ತಿದ್ರೆ ಕುಂಬಾರ ಹುಳ. ಅದನ್ನ ಮುಟ್ಟಂಗಿಲ್ಲ. ನಿಮ್ಮಲ್ಲಿ ಬಂದಿರೋದು ಯಾವುದು?”

ಕೇಳಿದಿರಾ? ಹುಳಗಳೆರಡೂ ಒಂದೇ ಜಾತಿಯ ದಾಯಾದಿಗಳಾದರೂ ಹೆಸರಿನ ಮೇಲೆ ಶಿಕ್ಷೆ! ಕಡಜ ಎಂದು ಕರೆದರೆ ಮರಣದಂಡನೆ, ಕುಂಬಾರ ಎಂದರೆ ಅತಿಥಿ ಸತ್ಕಾರ. ದಿನೇಶ, “ಗುಂಪಾಗಿ ಬಂದಿವೆ ಅಮ್ಮ,” ಅಂದ.

“ಹಂಗಾರೆ ಕಡಜ. ಓಡಿಸಾಕು,” ಎಂದು ಜಯಲಕ್ಷ್ಮಮ್ಮ ಅಪ್ಪಣೆ ಕೊಟ್ಟರು. ಆಮೇಲೆ, “ಕುಂಬಾರ ಹುಳ ಆಗಿದ್ರೆ ಎಷ್ಟೋ ಚೆನ್ನಾಗಿತ್ತು,” ಅಂದರು. ದಿನೇಶ ಫೋನಿಟ್ಟ.

ಅಪ್ಪಣೆಯೇನೋ ಸಿಕ್ಕಿತು. ಅದು ಗುಂಪಿಗೆ ಸಿಕ್ಕ ಅಪ್ಪಣೆ. ದಿನೇಶ ಸೋಫಾದ ಮೇಲೆ ಕೂತು ಅರ್ಧ ದಿನ ಎಣಿಸಿದ. ಹೋಗುವುದು ಒಂದು, ಬರುವುದು ಅದೇ ಒಂದು. ಎರಡನೆಯದು ಬರಲಪ್ಪ ಎಂದು ಇಷ್ಟದೇವರಿಗೆ ಕೈ ಮುಗಿದರೂ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಇಂಗ್ಲಿಷಿನವರೂ ಇದಕ್ಕೆ ಒಂಟಿ ಎಂದೇ ಹೆಸರಿಟ್ಟಿದ್ದರು. ತಾಯಿ ಒಬ್ಬಳೇ ಗೂಡು ಕಟ್ಟುತ್ತಾಳೆ, ಒಬ್ಬಳೇ ಮರಿಯ ಊಟಕ್ಕೆ ಜೇಡಗಳನ್ನು ಬೇಟೆಯಾಡಿ ತಂದು ತುಂಬುತ್ತಾಳೆ, ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗುತ್ತಾಳೆ, ಹುಟ್ಟಿದ ಮರಿಯ ಮುಖ ಅವಳು ನೋಡುವುದೇ ಇಲ್ಲ ಎಂದು ಅದರಲ್ಲಿ ಬರೆದಿತ್ತು. ದಿನೇಶ ಮೊಬೈಲನ್ನು ಬೋರಲು ಹಾಕಿ ಕೂತುಬಿಟ್ಟ.

ಗೂಡಿಗೆ ಬೇಕಾದ ಮಣ್ಣು ಎಲ್ಲಿಂದ ಬರುತ್ತಿತ್ತು ಎಂದರೆ, ಇವನದೇ ಬಾಲ್ಕನಿಯ ತುಳಸಿ ಕುಂಡದಿಂದ. ಆ ಕುಂಡಕ್ಕೆ ಇವನದೇ ಎಸಿಯ ನೀರು ತೊಟ್ಟಿಕ್ಕುತ್ತಿತ್ತು. ಕಾಂಕ್ರೀಟಿನ ಮಾಂಬಲಂನಲ್ಲಿ ಹುಳಕ್ಕೆ ಹಸಿಮಣ್ಣು ಒದಗಿಸಿದ ಗುತ್ತಿಗೆದಾರ ಸ್ವತಃ ದಿನೇಶ! ಬುಧವಾರದ ಹೊತ್ತಿಗೆ ಗೋಡೆಯ ಮೇಲೆ ಮೂರು ಗೂಡುಗಳಾದವು. ಗುರುವಾರ ನಾಲ್ಕನೆಯದು ಮಲಗುವ ಕೋಣೆಯ ಸ್ಟೀಲ್ ಬೀರುವಿನ ಬೀಗದ ಕಣ್ಣಿಗೆ ಮೆತ್ತಿಕೊಂಡಿತು. ಪ್ರತಿಯೊಂದಕ್ಕೂ ನಂದಿತಾ ಬಂದು ಕೇಳಿದಳು, ಪ್ರತಿಯೊಂದನ್ನೂ ದಿನೇಶ ತನ್ನದೇ ಕೈಕೆಲಸವೆಂದು ಒಪ್ಪಿಕೊಂಡ.

“ಗೋಡೆಗೆ ಮೆತ್ತಿದ್ರಿ, ಸರಿ. ಬೀರು ಬೀಗಕ್ಕೆ ಯಾಕೆ ಪ್ಲಾಸ್ಟರ್?”

“ಧೂಳು ಹೋಗುತ್ತೆ ಅಂತ.”

“ಬೀಗದೊಳಗೆ?”

“ಚೆನ್ನೈ ಧೂಳು ಗೊತ್ತಲ್ಲ.”

“ನಾಳೆ ಸ್ಕೂಲ್ ಡೇ. ನನ್ನ ರೇಷ್ಮೆ ಸೀರೆ ಒಳಗಿದೆ.”

“ಒಣಗ್ತಾ ಇದೆ. ಈಗ ಮುಟ್ಟಿದ್ರೆ ಕಿತ್ಕೊಂಡು ಬರುತ್ತೆ. ಒಂದು ವಾರ ತಡಿ.”

“ನಾಳೆ ಏನು ಉಟ್ಕೊಳ್ಳಲಿ?”

ಏನು ಉಟ್ಟುಕೊಳ್ಳುವುದು ಎಂಬುದಕ್ಕೆ ಉತ್ತರ ತರಲು ದಿನೇಶ ಆಫೀಸಿನಿಂದ ಬೇಗ ಹೊರಟು ಟಿ. ನಗರದ ಜನಸಾಗರಕ್ಕೆ ಧುಮುಕಿದ. ಕೈಕಾಲು ಎಲ್ಲ ಇದ್ದ ಹಾಗೇ ಹೊರಬಂದದ್ದು ಅವನ ಪುಣ್ಯ. ಸಂಜೆ ಮನೆಗೆ ತಂದ ಸೀರೆಯನ್ನು ನಂದಿತಾ ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು.

“ಇದು ಯಾವ ಬಣ್ಣ?”

“ಅಂಗಡಿಯವನು ಹಸಿರು ಅಂದ.”

“ಅವನಿಗೂ ಖಾತ್ರಿ ಇರ್ಲಿಲ್ವಾ?” ಅಂದವಳು ಮರುದಿನ ಅದನ್ನೇ ಉಟ್ಟು ಹೋದಳು. ಹೋಗುವ ಮುಂಚೆ, “ಮಧ್ಯದ ಪ್ಲಾಸ್ಟರ್ ಸ್ವಲ್ಪ ಸೊಟ್ಟ ಆಗಿದೆ. ಬಿಸಿಲಿಗೆ ಬಿರುಕು ಬಿಡಲ್ವಾ?” ಎಂದು ಕೇಳಿದಳು. ದಿನೇಶ ನೀರು, ಮಣ್ಣು, ಅಂಟು ಇವುಗಳ ಪ್ರಮಾಣದ ಬಗ್ಗೆ ಕಾಲು ಗಂಟೆ ಮಾತಾಡಿದ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು.

ಶನಿವಾರ ನಂದಿತಾಗೆ ಸ್ಪೆಷಲ್ ಕ್ಲಾಸ್ ಇತ್ತು. ಇನ್ನು ತಡೆಯಲಾರೆ, ಇವತ್ತು ಎಲ್ಲವನ್ನೂ ಸರ್ವನಾಶ ಮಾಡುತ್ತೇನೆ ಎಂದು ದಿನೇಶ ಸೊಂಟ ಕಟ್ಟಿದ. ಆಯುಧ ನೋಡಿದರೆ ಮನೆಯಲ್ಲಿ ಸ್ಕ್ರೂಡ್ರೈವರೇ ಇಲ್ಲ. ದೋಸೆ ಮಗುಚುವ ಕೈ ಎತ್ತಿಕೊಂಡ. ಹುಳ ಹೊರಗೆ ಹೋದ ಸಮಯ ನೋಡಿ, ಕಣ್ಣು ಅರ್ಧ ಮುಚ್ಚಿ, ಮೊದಲ ಗೂಡಿನ ಅಂಚಿಗೆ ಕೊಟ್ಟ ಒಂದೇಟು. ಮಣ್ಣಿನ ಒಂದು ಬಿಲ್ಲೆ ಕಳಚಿ ನೆಲಕ್ಕೆ ಬಿತ್ತು.

ಒಳಗೆ ಏಳೆಂಟು ಸಣ್ಣ ಜೇಡಗಳು ಕಾಲು ಮಡಚಿಕೊಂಡು ಒತ್ತೊತ್ತಾಗಿ ಬಿದ್ದಿದ್ದವು. ಅವುಗಳ ನಡುವೆ ಬೆಳ್ಳಗೆ, ಹುರುಳಿ ಕಾಳಿನಷ್ಟು, ಒಂದು ಮರಿ. ಬೆಳಕು ಬಿದ್ದದ್ದಕ್ಕೆ ಅದು ಸ್ವಲ್ಪ ಮುದುಡಿತು.

ಹುರುಳಿ ಕಾಳಿನಷ್ಟಿದೆ ನೋಡಿ ಎಂದು ಡಾಕ್ಟರಮ್ಮ ಹೋದ ವರ್ಷ ಮೊದಲ ಸ್ಕ್ಯಾನಿನಲ್ಲಿ ಹೇಳಿದ್ದರು. ದಿನೇಶ ದೋಸೆ ಕೈಯನ್ನು ಅಲ್ಲೇ ಬಿಟ್ಟು ಬಾಲ್ಕನಿಗೆ ಓಡಿದ, ತುಳಸಿ ಕುಂಡದಿಂದ ಹಸಿಮಣ್ಣು ಗೋರಿಕೊಂಡು ಬಂದ, ಒಡೆದ ಜಾಗಕ್ಕೆ ಬೆರಳಿನಿಂದ ಮೆತ್ತಿ ಮುಚ್ಚಿದ. ಮುಚ್ಚುವಾಗ ಜೋರಾಗಿ ಅತ್ತ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅಳುವುದಕ್ಕೆ ಅವನು ನಾಚಲಿಲ್ಲ. ಹೋದ ವರ್ಷ ಆಸ್ಪತ್ರೆಯ ಕಾರಿಡಾರಿನಲ್ಲಿ ಅಳಬೇಕಾಗಿದ್ದದ್ದು ಈಗ ಬಂದಿತ್ತು.

ಅಂತೂ ಅವನು ಹೇಳಿದ್ದ ಸುಳ್ಳು ನಿಜವಾಯಿತು, ಗೋಡೆಯ ಮೇಲೆ ಅವನದೂ ಒಂದು ಪ್ಲಾಸ್ಟರ್ ಬಂತು. ಹತ್ತು ನಿಮಿಷಕ್ಕೆ ಹುಳ ವಾಪಸ್ ಬಂತು. ದಿನೇಶನ ಕೆಲಸದ ಮೇಲೆ ಅತ್ತಿಂದಿತ್ತ ನಡೆದು ಪರೀಕ್ಷಿಸಿತು. ಎರಡು ಕಡೆ ಮೂತಿಯಿಂದ ತಟ್ಟಿತು. ಆಮೇಲೆ ತಾನು ತಂದ ಮಣ್ಣನ್ನು ಅದರ ಮೇಲೆ ಹೊಸದಾಗಿ ಬಳಿದು ಸರಿಪಡಿಸಿತು. ಹದಿನಾಲ್ಕು ವರ್ಷ ಊರವರ ಕೆಲಸವನ್ನೆಲ್ಲ ಫೇಲ್ ಮಾಡಿದ್ದ ಮಹಾಶಯನನ್ನು ಒಂದು ಹುಳ ಫೇಲ್ ಮಾಡಿತು!

ಮರುದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಕೆಳಗಿನ ಮನೆಯಲ್ಲಿರುವ ಮಾಲೀಕರು, ಶಂಕರನಾರಾಯಣ ಮಾಮಾ. ಎಪ್ಪತ್ತು ದಾಟಿದ ತಮಿಳು ಯಜಮಾನರು; ಬಾಡಿಗೆದಾರರ ಗೋಡೆಯನ್ನು ಸ್ವಂತ ಮೈಯಂತೆ ನೋಡಿಕೊಳ್ಳುವವರು.

“ಗೋಡೆ ಬಿರುಕು ಬಿಡ್ತಾ ಇದೆ, ಇವರು ದಿನಾ ಪ್ಲಾಸ್ಟರ್ ಮಾಡ್ತಿದ್ದಾರೆ, ಒಂದ್ಸಲ ಬಂದು ನೋಡಿ ಅಂತ ನಾನೇ ಹೇಳಿದ್ದೆ,” ಅಂದಳು ನಂದಿತಾ.

ಮಾಮಾ ಕನ್ನಡಕ ಏರಿಸಿ ಗೋಡೆಗೆ ಮೂಗು ತಾಗಿಸಿ ನೋಡಿದರು. “ಪ್ಲಾಸ್ಟರಾ? ಯಾರ್ ಸೊನ್ನಾ? ಇದು ಕುಳವಿ ಕೂಡು ಸಾರ್.” ಪ್ಲಾಸ್ಟರ್ ಅಂತ ಹೇಳಿದವರು ಯಾರು, ಇದು ಹುಳದ ಗೂಡು ಎಂದರು ಅವರು.

“ಕುಳವಿ ಅಲ್ಲ ಮಾಮಾ,” ಎಂದು ದಿನೇಶ ಅಡ್ಡ ನಿಂತ. “ಮಣ್ಣು. ಬರೀ ಮಣ್ಣು. ನಾನೇ...”

ಆ ಹೊತ್ತಿಗೆ ಸರಿಯಾಗಿ ಹುಳ ಇಬ್ಬರ ನಡುವಿನಿಂದ ಹಾರಿ ಬಂದು ಗೂಡಿನ ಮೇಲೆ ಕೂತು ಕೆಲಸ ಶುರು ಮಾಡಿತು. ಮಾಮಾರ ಮುಖ ಅರಳಿತು. ತಮಿಳಿನವರಲ್ಲಿ ಗುಂಪಿನದಕ್ಕೂ ಒಂಟಿಯದಕ್ಕೂ ಕುಳವಿ ಒಂದೇ ಹೆಸರು, ಆದರೆ ಮನೆಯೊಳಗೆ ಬಂದು ಮಣ್ಣಿನ ಗೂಡು ಕಟ್ಟಿದರೆ ಏನೆಂದು ಅವರಿಗೂ ಗೊತ್ತು. ಅವರು ನಂದಿತಾ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದರು: “ಎನ್ನಮ್ಮಾ, ವೀಟ್ಲ ಏದಾವದು ವಿಶೇಷಮಾ?”

ಬಸಿರಿನ ಸುದ್ದಿ ಕೇಳುವಾಗ ಅವರೂ ನಮ್ಮ ಹಾಗೆ ‘ಮನೆಯಲ್ಲಿ ಏನಾದರೂ ವಿಶೇಷವಾ’ ಎಂದೇ ಕೇಳುತ್ತಾರೆ. ಒಂದು ವರ್ಷದಿಂದ ದಿನೇಶ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ಪ್ರಶ್ನೆ ನಡುಮನೆಯ ಮಧ್ಯದಲ್ಲಿ ನಿಂತಿತ್ತು. ಅವನು ನಂದಿತಾಳ ಮುಖ ನೋಡಲಾರದೆ ಟ್ರಾಕ್ಟರಿನ ಕ್ಯಾಲೆಂಡರ್ ನೋಡಿದ.

“ಇಲ್ಲ ಮಾಮಾ,” ಅಂದಳು ನಂದಿತಾ ಶಾಂತವಾಗಿ. “ಇಪ್ಪೋದೈಕ್ಕು ಕುಳವಿಕ್ಕು ಮಟ್ಟುಂದಾನ್ ವಿಶೇಷಂ.” ಸದ್ಯಕ್ಕೆ ವಿಶೇಷ ಹುಳಕ್ಕೆ ಮಾತ್ರ ಎಂಬ ಆ ಉತ್ತರಕ್ಕೆ ಮಾಮಾರ ಮುಖ ಚಿಕ್ಕದಾಯಿತು. ಗೂಡನ್ನು ಒಡೆಯಬೇಡಿ, ಮರಿ ಹೋದ ಮೇಲೆ ಸುಣ್ಣ ಹೊಡೆಸಿಕೊಡುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಅವರು ಮೆಲ್ಲಗೆ ಮೆಟ್ಟಿಲಿಳಿದು ಹೋದರು.

ಬಾಗಿಲು ಹಾಕಿ ಬಂದ ನಂದಿತಾ, “ಕೂತ್ಕೊಳ್ರೀ,” ಅಂದಳು.

ದಿನೇಶ ಕೂತ. “ಅದು ಪ್ಲಾಸ್ಟರ್ ಅಲ್ಲ ನಂದೂ.”

“ಗೊತ್ತು. ಪ್ಲಾಸ್ಟರಿಗೆ ರೆಕ್ಕೆ ಇರಲ್ಲ.”

“ಯಾವಾಗಿಂದ ಗೊತ್ತು?”

“ಮೊದಲನೇ ದಿನದಿಂದ. ನಿನ್ನೆ ದೋಸೆ ಕೈಯಲ್ಲಿ ಮಣ್ಣಿತ್ತು, ಎರಡು ಸಲ ತೊಳೆದೆ.”

“ಮತ್ತೆ ಯಾಕೆ ದಿನಾ ಬಂದು ಕೇಳ್ತಿದ್ದೆ?”

“ಕೇಳಿದ್ರೆ ನೀವು ಮಾತಾಡ್ತಿದ್ರಿ. ಪ್ಲಾಸ್ಟರ್ ಬಗ್ಗೆನೋ, ಧೂಳಿನ ಬಗ್ಗೆನೋ. ಒಂದು ವರ್ಷದಲ್ಲಿ ನೀವು ನನ್ನ ಹತ್ರ ಕಾಲು ಗಂಟೆ ನಿಂತು ಮಾತಾಡಿದ್ದು ಅದೊಂದೇ.” ಅವಳು ಎದುರಿನ ಕುರ್ಚಿಯಲ್ಲಿ ಕೂತಳು. “ಮಗೂನ ನೀವು ಮರೆತೇಬಿಟ್ರಿ ಅಂದ್ಕೊಂಡಿದ್ದೆ. ಮಾಮಾ ಬಂದ್ರೆ ನೀವು ನಿಜ ಹೇಳ್ತೀರೇನೋ ಅಂತ ನಾನೇ ಕರೆದೆ.”

ದಿನೇಶನಿಗೆ ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ನೆಲ ನೋಡುತ್ತಾ ಎಲ್ಲವನ್ನೂ ಹೇಳಿದ. ಎಸಿ ಪೈಪಿನ ಪಕ್ಕದ ಗೂಡು, ಅಮ್ಮ ಹೇಳಿದ್ದ ಮಾತು, ಸ್ಕ್ರೂಡ್ರೈವರು, ಹದಿನೇಳು ದಿನ. “ನಂಬ್ತೀನಿ ಅಂತಲ್ಲ,” ಅಂದ. “ಆದ್ರೆ ನನ್ನಿಂದಲೇ ಆಯ್ತು ಅಂತ ಅನ್ಸುತ್ತೆ. ನಾನೇ ಮಾಡಿದ್ದು ನಂದೂ.” ಅವಳು ಬೈದರೆ ಬೈಯಲಿ, ಎದ್ದು ತವರಿಗೆ ಹೋಗುತ್ತೇನೆ ಅಂದರೆ ಟಿಕೆಟ್ ತಂದುಕೊಡೋಣ ಎಂದು ಅವನು ಎಲ್ಲಕ್ಕೂ ಸಿದ್ಧನಾಗಿ ತಲೆ ತಗ್ಗಿಸಿ ಕಾದ.

ನಂದಿತಾ ಕೇಳಿದಳು. “ಎಷ್ಟು ಗೂಡು?”

“ಒಂದು.”

“ಒಂದೇನಾ?”

“ಹ್ಞೂಂ.”

“ಅದೇ ತಿಂಗಳು ಅಡುಗೆಮನೆ ಕಿಟಕೀಲಿ ಎರಡು, ವಾಷಿಂಗ್ ಮಷೀನ್ ಹಿಂದೆ ಒಂದು, ಪುಸ್ತಕದ ಕಪಾಟಿನ ಹತ್ರ ಒಂದು. ನಾಲ್ಕೂ ನಾನೇ ಕೆರೆದು ಹಾಕಿದ್ದು. ಮುಟ್ಬೇಡ ಅಂತ ಅತ್ತೆ ನನಗೂ ಹೇಳಿದ್ರು.”

ದಿನೇಶ ತಲೆಯೆತ್ತಿದ. ಅವಳ ಕೆನ್ನೆ ಒದ್ದೆಯಾಗಿತ್ತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ.

“ಮೂರು ತಿಂಗಳು ನಾನೂ ಹಂಗೇ ಅಂದ್ಕೊಂಡು ಸತ್ತಿದ್ದೀನಿ,” ಅಂದಳು. “ನಿಮಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ ಹೆದರಿದ್ದೆ. ಆಮೇಲೆ ಒಂದು ದಿನ ಆಸ್ಪತ್ರೆ ಫೈಲ್ ತೆಗೆದು ಓದಿದೆ. ಡಾಕ್ಟರಮ್ಮನ ಹತ್ರ ಹೋಗಿ ಕೇಳ್ಕೊಂಡೂ ಬಂದೆ. ಮಗು ಶುರುವಿನಿಂದ್ಲೇ ಸರಿಯಾಗಿ ಬೆಳೆದಿರ್ಲಿಲ್ವಂತೆ. ಯಾರು ಏನು ಮಾಡಿದ್ರೂ ಉಳೀತಿರ್ಲಿಲ್ವಂತೆ. ನೀವು ಆ ಫೈಲ್ ಓದಿದ್ರಾ?”

“ಇಲ್ಲ.”

“ಓದ್ಬೇಕಿತ್ತು.” ಅವಳು ಎದ್ದು ಬಂದು ಅವನ ಪಕ್ಕ ಕೂತಳು. ಮೂಗೇರಿಸಿಕೊಂಡು, ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೆ ಗಂಡನನ್ನು ನೋಡಿದಳು.

“ಐದು ಗೂಡಲ್ಲಿ ನಾಲ್ಕು ಕೆರೆದಿದ್ದು ನಾನು, ಒಂದು ಕೆರೆದಿದ್ದು ನೀವು. ಮನೆಕೆಲಸದಲ್ಲಿ ಒಂದು ಪಾಲು ಮಾಡಿ, ಎಲ್ಲಾ ನಾನೇ ಮಾಡ್ದೆ ಅಂತ ಹೇಳ್ಕೊಳ್ಳೋ ಅಭ್ಯಾಸಾನ ಇದರಲ್ಲಾದ್ರೂ ಬಿಡಬಾರ್ದಾ ನೀವು?”